ಸೋತ ಕೋಳಿಗೆ ಓಡಲು ಜಾಗ

ಹಳೆ ಕೋಳಿಗಳ ನಡುವೆ ಎಳೆ ಕೋಳಿಗಳನ್ನು ಬಿಟ್ಟಾಗ ಅವನ್ನು ಎಲ್ಲಕ್ಕಿಂತ ಜಾಸ್ತಿ ಕುಕ್ಕುವುದು ಗುಂಪಿನ ಯಜಮಾನಿ ಅಲ್ಲ. ಯಜಮಾನಿ ಒಮ್ಮೆ ಕತ್ತೆತ್ತಿ ನೋಡುತ್ತದೆ. ತೀರಾ ಹತ್ತಿರ ಬಂದರೆ ತಲೆ ಮೇಲೊಂದು ಕೊಡುತ್ತದೆ. ಆಮೇಲೆ ತನ್ನ ಪಾಡಿಗೆ ನೆಲ ಕೆದಕುತ್ತಾ ಹೋಗುತ್ತದೆ. ಅಟ್ಟಿಸಿಕೊಂಡು ಹೋಗುವುದು, ಮೇವಿನ ಹತ್ತಿರ ಸುಳಿಯಲು ಬಿಡದೆ ಕಾಯುವುದು, ಮೂಲೆಗೆ ತಳ್ಳಿ ಬೆನ್ನ ಮೇಲಿನ ಪುಕ್ಕ ಕೀಳುವುದು, ಇದನ್ನೆಲ್ಲ ಮಾಡುವುದು ಹೆಚ್ಚಾಗಿ ಅಲ್ಲಿಯವರೆಗೆ ಎಲ್ಲವುಗಳಿಂದ ಕುಕ್ಕಿಸಿಕೊಂಡು ಕೊನೆಯಲ್ಲಿ ಉಳಿದಿದ್ದ ಹೇಂಟೆ. ಪ್ರತಿ ಸಲ ಹೊಸ ಮರಿಗಳನ್ನು ಸೇರಿಸುವಾಗಲೂ ನನಗೆ ಇದು ಕಾಣುತ್ತದೆ, ಪ್ರತಿ ಸಲವೂ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ನಮ್ಮ ಹಿತ್ತಲಲ್ಲಿ ಒಂದು ಕರಿ ಹೇಂಟೆ ಇತ್ತು. ಬಲು ಮೆತ್ತಗಿನದು. ಮೇವು ಹಾಕಿದರೆ ಎಲ್ಲ ತಿಂದಾದ ಮೇಲೆ ಬರುತ್ತಿತ್ತು. ರಾತ್ರಿ ಕೂರುವ ಕೋಲಿನ ಮೇಲೆ ಅದರ ಜಾಗ ಕೊನೆಯ ತುದಿ, ಗಾಳಿ ಬಡಿಯುವ ಕಡೆ. ಕೈಯಲ್ಲಿ ಕಾಳು ಹಿಡಿದು ಕೂತರೆ ನನ್ನ ಬೆನ್ನ ಹಿಂದಿನಿಂದ ಬಂದು, ಬೇರೆ ಯಾವುದೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಿನ್ನುತ್ತಿತ್ತು. ಅದರ ಮೇಲೆ ನನಗೆ ಉಳಿದವುಗಳಿಗಿಂತ ಸ್ವಲ್ಪ ಜಾಸ್ತಿ ಪ್ರೀತಿ. ಹೊಸ ಮರಿಗಳು ಬಂದ ದಿನ ಅದು ಮೈ ಉಬ್ಬಿಸಿ, ಕುತ್ತಿಗೆಯ ಗರಿ ಎಲ್ಲ ನೆಟ್ಟಗೆ ಮಾಡಿ, ತನಗಿಂತ ಅರ್ಧ ಗಾತ್ರದ ಮರಿಯ ಹಿಂದೆ ಹಿತ್ತಲಿನ ಈ ಕೊನೆಯಿಂದ ಆ ಕೊನೆಗೆ ಓಡಿತು. ಮರಿ ಒಂದು ಹಲಗೆಯ ಹಿಂದೆ ನುಗ್ಗಿತು. ಕರಿ ಹೇಂಟೆ ಹಲಗೆಯ ಮುಂದೆ ನಿಂತು, ಒಂದು ಕಣ್ಣಲ್ಲಿ ಸಂದಿಯೊಳಗೆ ಇಣುಕಿ, ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ಇಣುಕಿ, ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಮೈ ಕೊಡವಿತು. ಗರಿ ಎಲ್ಲ ಇಳಿಯಿತು. ಹೋಗಿ ನೀರು ಕುಡಿಯಿತು. ಅಷ್ಟೇ. ಜಗಳ ಮುಗಿದಿತ್ತು.

ಆ ಹೊತ್ತು ನನ್ನ ಗಮನ ಕರಿ ಹೇಂಟೆಯ ಮೇಲಿಂದ ಆ ಹಲಗೆಯ ಮೇಲೆ ಹೋಯಿತು. ಗೋಡೆಗೆ ಸುಮ್ನೆ ಓರೆಯಾಗಿ ಒರಗಿಸಿದ ಹಳೇ ಹಲಗೆ ಅದು. ಅದು ಇಲ್ಲದಿದ್ದರೆ ಮರಿ ಎಲ್ಲಿಗೆ ಹೋಗುತ್ತಿತ್ತು? ಕುಕ್ಕುವ ಕೋಳಿಯನ್ನು ಹೇಗೆ ತಡೆಯುವುದು ಎಂದೇ ಎಲ್ಲರೂ ಕೇಳುತ್ತಾರೆ. ಕುಕ್ಕಿಸಿಕೊಂಡ ಕೋಳಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವವರು ಕಡಿಮೆ. ನನಗೀಗ ಎರಡನೆಯದೇ ಮುಖ್ಯ ಅನಿಸುತ್ತದೆ.

ಸಾಲು ಎಂಬುದು

ಕೋಳಿಗಳಲ್ಲಿ ಮೇಲು ಕೆಳಗಿನ ಸಾಲು ಇದೆ ಅನ್ನುವುದು ಕೋಳಿ ಸಾಕಿದವರಿಗೆಲ್ಲ ಗೊತ್ತು. ಅದನ್ನು ಕೂತು ಬರೆದಿಟ್ಟವರು ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ. ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡುತ್ತಾ ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದ ಮನುಷ್ಯ. ದೊಡ್ಡವರಾದ ಮೇಲೆ, 1920ರ ದಶಕದ ಶುರುವಿನಲ್ಲಿ, ಅದನ್ನೇ ಪ್ರಬಂಧವಾಗಿ ಹೊರತಂದರು. ಅವರು ಕಂಡದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಈ ಸಾಲು ಯಾವಾಗಲೂ ನೆಟ್ಟಗೆ ಇರುವುದಿಲ್ಲ. ಮೊದಲನೆಯದು ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು ಕುಕ್ಕುತ್ತದೆ, ಆದರೆ ಆ ಮೂರನೆಯದು ಹೋಗಿ ಮೊದಲನೆಯದನ್ನು ಕುಕ್ಕಿ ಬರುತ್ತದೆ. ಅಂದರೆ ಇದು ಮೇಲಿಂದ ಕೆಳಗೆ ಯಾರೋ ಜೋಡಿಸಿಟ್ಟ ಪಟ್ಟಿಯಲ್ಲ. ಒಂದೊಂದು ಜೋಡಿಯೂ ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಂಡ ಲೆಕ್ಕ. ಹತ್ತು ಕೋಳಿ ಇದ್ದರೆ ನಲವತ್ತೈದು ಜೋಡಿ. ಅಲ್ಲಿಗೆ ನಾಲ್ಕು ಮರಿ ಬಂದರೆ ಹಳೆಯವು ಮತ್ತು ಹೊಸವುಗಳ ನಡುವೆ ಇನ್ನೂ ನಲವತ್ತು ಲೆಕ್ಕ ಇತ್ಯರ್ಥ ಆಗಬೇಕು. ಒಂದು ಬೆಳಗ್ಗೆಯಲ್ಲಿ ಮುಗಿಯುವ ಕೆಲಸವಲ್ಲ, ಅಲ್ವಾ?

ಈ ಲೆಕ್ಕ ಅವುಗಳ ನೆನಪಿನಲ್ಲಿ ಉಳಿಯುವುದು ಮುಖ ನೋಡಿ. ತಲೆ, ಜುಟ್ಟು, ಕುತ್ತಿಗೆ, ಇವನ್ನೇ ನೋಡಿ ಒಂದನ್ನೊಂದು ಗುರುತು ಹಿಡಿಯುತ್ತವೆ. ಒಂದು ಹೇಂಟೆಯ ಜುಟ್ಟು ಗಾಯವಾಗಿ ಆಕಾರ ಬದಲಾದರೆ, ದಿನವೂ ಜೊತೆಗಿದ್ದ ಕೋಳಿಗಳೇ ಅದನ್ನು ಹೊಸಬಳಂತೆ ಕುಕ್ಕುವುದುಂಟು. ಕಾಯಿಲೆಯಾಗಿ ಕೆಲವು ವಾರ ಬೇರೆ ಇದ್ದು ವಾಪಸ್ ಬಂದ ಕೋಳಿಯ ಗತಿಯೂ ಅದೇ. ಒಮ್ಮೆ ಲೆಕ್ಕ ಗೊತ್ತಾದ ಮೇಲೆ ಕುಕ್ಕುವುದೇ ಬೇಕಾಗುವುದಿಲ್ಲ. ಮೇಲಿನದು ಒಂದು ಹೆಜ್ಜೆ ಮುಂದಿಟ್ಟರೆ ಕೆಳಗಿನದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಅಷ್ಟರಲ್ಲೇ ಮಾತು ಮುಗಿಯುತ್ತದೆ. ಹಳೆ ಗುಂಪು ನೋಡುವುದಕ್ಕೆ ಅಷ್ಟು ನೆಮ್ಮದಿಯಾಗಿ ಕಾಣುವುದು ಇದಕ್ಕೇ.

ಹಾಗಾದರೆ ಸಾಲಿನ ಕೊನೆಯದು ಯಾಕೆ ಅಷ್ಟು ಜೋರು ಮಾಡುತ್ತದೆ? ಯಜಮಾನಿಗೆ ಮರಿಯಿಂದ ಹೋಗುವುದು ಏನೂ ಇಲ್ಲ. ಕೊನೆಯದಕ್ಕೆ ಮಾತ್ರ ಈಗ ತನ್ನ ಕೆಳಗೆ ಇನ್ನೊಬ್ಬರನ್ನು ಇರಿಸಿಕೊಳ್ಳುವ ಅವಕಾಶ ಬಂದಿದೆ, ಅದೂ ಮರಿ ಬೆಳೆದು ದೊಡ್ಡದಾಗುವ ಮೊದಲೇ ಆಗಬೇಕು. ನಾನು ಅದನ್ನು ಕೆಟ್ಟತನ ಎಂದು ಕರೆಯಲಾರೆ. ಮರಿ ಓಡಿದ ಕೂಡಲೇ ಕರಿ ಹೇಂಟೆಗೆ ಬೇಕಾದ ಉತ್ತರ ಸಿಕ್ಕಿತ್ತು. ಕಣ್ಣ ಮುಂದಿಂದ ಮರೆಯಾಗುವುದೇ ಕೋಳಿಗಳಲ್ಲಿ ಸೋಲು ಒಪ್ಪುವ ರೀತಿ.

ತೊಂದರೆ ಶುರುವಾಗುವುದು ಇಲ್ಲೇ. ನಾಲ್ಕು ಕಡೆ ಜಾಲರಿ ಹಾಕಿದ ಬರೀ ಚೌಕದ ಆವರಣದಲ್ಲಿ ಮರಿ ಎಷ್ಟು ಓಡಿದರೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅದು ಸೋತಿದೆ, ಆದರೆ ಸೋತೆ ಎಂದು ತೋರಿಸಲು ಅದಕ್ಕೆ ದಾರಿ ಇಲ್ಲ. ತುಂಬಿ ತುಳುಕುವ ಬಸ್ಸಿನಲ್ಲಿ ಹಿಂದೆ ಸರಿ ಎಂದು ಗದರಿಸಿದರೆ ಮನುಷ್ಯ ಎಲ್ಲಿಗೆ ಸರಿಯಬೇಕು? ದೊಡ್ಡ ಹೇಂಟೆಗೆ ಮಾತ್ರ ಇದು ಎದುರು ನಿಂತ ಹಾಗೆಯೇ ಕಾಣುತ್ತದೆ. ಮತ್ತೆ ಕುಕ್ಕುತ್ತದೆ. ಮರಿ ಮೂಲೆಗೆ ತಲೆ ತೂರಿಸಿ ನಿಲ್ಲುತ್ತದೆ. ಬೆನ್ನು ಕಾಣುತ್ತಿದೆ, ಬೆನ್ನಿಗೇ ಕುಕ್ಕುತ್ತದೆ. ಒಂದು ಹನಿ ರಕ್ತ ಬಂತು ಅಂದರೆ ಉಳಿದವೂ ಸೇರಿಕೊಳ್ಳುತ್ತವೆ, ಯಾಕಂದರೆ ಕೆಂಪು ಬಣ್ಣ ಕಂಡರೆ ಕೋಳಿ ಕೊಕ್ಕು ಹಾಕದೆ ಬಿಡುವುದಿಲ್ಲ. ಅಲ್ಲಿಂದ ಮುಂದೆ ಅದು ಸಾಲಿನ ಜಗಳವಲ್ಲ, ಮರಿಯನ್ನು ಆ ಕ್ಷಣವೇ ಎತ್ತಿಕೊಳ್ಳಬೇಕು.

ಗೂಡಿನೊಳಗೆ ಕೋಳಿಗೆ 4 ಚದರ ಅಡಿ, ಹೊರಗಿನ ಆವರಣದಲ್ಲಿ 10 ಚದರ ಅಡಿ ಎಂದು ಎಲ್ಲ ಕಡೆ ಹೇಳುತ್ತಾರೆ. ಒಳ್ಳೆಯ ಲೆಕ್ಕವೇ. ಆದರೆ ಹೊಸವನ್ನು ಸೇರಿಸುವ ದಿನಗಳಲ್ಲಿ ಅಳತೆಗಿಂತ ಮರೆ ದೊಡ್ಡದು. ದೊಡ್ಡ ಬಯಲಿಗಿಂತ, ನಾಲ್ಕು ಹಲಗೆ ಒರಗಿಸಿದ, ಒಂದು ಒಣ ಕೊಂಬೆ ಅಡ್ಡ ಬಿದ್ದಿರುವ, ಒಂದು ಹಳೇ ಮೇಜು ನಿಂತಿರುವ ಚಿಕ್ಕ ಹಿತ್ತಲು ಮೇಲು. ಒಂದೇ ಒಂದು ಮಾತು ನೆನಪಿಡಬೇಕು. ಮರೆಗೆ ಎರಡು ಬಾಯಿ ಇರಬೇಕು. ಪೆಟ್ಟಿಗೆಯನ್ನು ಮಗುಚಿ ಒಂದು ಕಡೆ ಮಾತ್ರ ಬಾಗಿಲು ಬಿಟ್ಟರೆ ಅದು ಅಡಗುವ ಜಾಗ ಅಲ್ಲ, ಬೋನು. ಅಟ್ಟಿಸಿಕೊಂಡು ಬಂದದ್ದು ಬಾಗಿಲಲ್ಲಿ ನಿಂತರೆ ಒಳಗಿನದರ ಕಥೆ ಮುಗಿಯಿತು. ಮರಿಗಳು ದೊಡ್ಡವುಗಳಿಗಿಂತ ಬಹಳ ಚಿಕ್ಕವಾಗಿದ್ದರೆ, ಅವು ಮಾತ್ರ ನುಸುಳುವಷ್ಟು ಸಣ್ಣ ಕಿಂಡಿ ಬಿಟ್ಟ ಒಂದು ಕೋಣೆ ಮಾಡಿ ಅದರೊಳಗೆ ಮೇವು ನೀರು ಇಟ್ಟರೆ ಇನ್ನೂ ಒಳ್ಳೆಯದು. ಮರಿಗಳು ಅದನ್ನು ಎಷ್ಟು ಬೇಗ ಕಲಿಯುತ್ತವೆ ಎಂದರೆ, ಹೊರಗೆ ನಾಲ್ಕು ಹೆಜ್ಜೆ ಇಟ್ಟು, ಯಾವುದಾದರೂ ದೊಡ್ಡದು ತಿರುಗಿ ನೋಡಿದ್ದೇ ಕಿಂಡಿಯೊಳಗೆ ಮಾಯ.

ಮೊದಲು ದೂರ, ಆಮೇಲೆ ಜಾಲರಿ

ಇದಕ್ಕೆಲ್ಲ ಮೊದಲು ಒಂದು ಕೆಲಸವಿದೆ, ಅದರಲ್ಲಿ ನಾನು ಸ್ವಲ್ಪವೂ ರಾಜಿ ಆಗುವುದಿಲ್ಲ. ಬೇರೆ ಕಡೆಯಿಂದ ಬಂದ ಕೋಳಿ ಸುಮಾರು 30 ದಿನ ಪ್ರತ್ಯೇಕವಾಗಿ ಇರಲೇಬೇಕು. ಪ್ರತ್ಯೇಕ ಅಂದರೆ ಜಾಲರಿಯ ಆಚೆ ಅಲ್ಲ, ಗಾಳಿ, ಧೂಳು, ನೀರು ಯಾವುದೂ ಹಂಚಿಕೊಳ್ಳದಷ್ಟು ದೂರ. ದಿನದ ಕೆಲಸ ಮೊದಲು ಹಳೆಯವುಗಳದ್ದು, ಕೊನೆಗೆ ಹೊಸವುಗಳದ್ದು. ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ಪಾತ್ರೆ. ನೋಡಲು ಲಕ್ಷಣವಾಗಿರುವ ಕೋಳಿ ಒಳಗೆ ರೋಗ ಇಟ್ಟುಕೊಂಡಿರಬಹುದು. ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಒಮ್ಮೆ ತಗುಲಿದರೆ ವಾಸಿಯಾದ ಹಾಗೆ ಕಂಡ ಕೋಳಿಯೂ ಅದನ್ನು ಬದುಕಿಡೀ ಹೊತ್ತು ತಿರುಗುತ್ತದೆ. ಹೇನು, ಉಣ್ಣೆ ಎಲ್ಲ ರೆಕ್ಕೆಯ ಅಡಿಯಲ್ಲಿ, ಬಾಲದ ಬುಡದಲ್ಲಿ ಗರಿ ಬಿಡಿಸಿ ನೋಡಿದರೆ ಮಾತ್ರ ಕಾಣುತ್ತವೆ. ಹಂಗೇರಿಯ ಯೋಸೆಫ್ ಮಾರೆಕ್ 1907ರಲ್ಲಿ ವಿವರಿಸಿದ, ಈಗ ಅವರದೇ ಹೆಸರಿನ ಮಾರೆಕ್ಸ್ ಕಾಯಿಲೆಯ ವೈರಸ್ಸಂತೂ ಗರಿಯ ಬುಡದ ಹೊಟ್ಟಿನಲ್ಲಿ ಉದುರಿ ಧೂಳಿನ ಜೊತೆ ಹರಡುತ್ತದೆ. ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನ ಹಾಕುವ ಲಸಿಕೆ ಕಾಯಿಲೆ ಉಲ್ಬಣವಾಗದಂತೆ ಕಾಯುತ್ತದೆ, ಆದರೆ ವೈರಸ್ಸು ಒಳಗೆ ಸೇರದಂತೆ ತಡೆಯುವುದಿಲ್ಲ. ಆದ್ದರಿಂದ ಲಸಿಕೆ ಆಗಿರುವ ಹಳೆ ಕೋಳಿಗಳ ಜೊತೆ ಲಸಿಕೆ ಆಗದ ಮರಿ ಬಿಡುವುದು ಮರಿಯ ಪ್ರಾಣಕ್ಕೇ ಕುತ್ತು.

ರೋಗ ಬರೀ ಹೊಸದರಿಂದ ಹಳೆಯದಕ್ಕೆ ಬರುವುದಲ್ಲ. ಹಳೆಯವು ಓಡಾಡಿದ ನೆಲದಲ್ಲಿ ಕಾಕ್ಸಿಡಿಯಾ ಎಂಬ, ಕರುಳಿಗೆ ಸೇರಿ ಕಾಡುವ ಸೂಕ್ಷ್ಮ ಪರಾವಲಂಬಿ ಇರುತ್ತದೆ, ಅವುಗಳ ಮೈಗೆ ಅದು ಒಗ್ಗಿ ಹೋಗಿರುತ್ತದೆ. ಮರಿಗೆ ಹಾಗಲ್ಲ. ಹಿಕ್ಕೆ ಬಿದ್ದ ಹಾಸು ಒದ್ದೆಯಾಗಿ ಬೆಚ್ಚಗಿದ್ದರೆ ಈ ಜೀವಿ ಚೆನ್ನಾಗಿ ಹೆಚ್ಚುತ್ತದೆ. ಮರಿ ಗರಿ ಉಬ್ಬಿಸಿ ಮುದುಡಿಕೊಂಡು ಕೂತು, ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರ ಹತ್ತಿರ ಹೋಗಬೇಕು. ಹಾಸು ಒಣಗಿರುವುದು, ನೀರಿನ ಪಾತ್ರೆ ಚೆಲ್ಲದಿರುವುದು, ಇವು ಸಣ್ಣ ವಿಷಯ ಅನಿಸುತ್ತವೆ. ಎಳೆ ಕೋಳಿಗೆ ಇವೇ ದೊಡ್ಡವು.

ಆ ದಿನಗಳು ಕಳೆದ ಮೇಲೆ ಜಾಲರಿ. ಹಳೆಯವುಗಳ ಆವರಣದೊಳಗೇ ಒಂದು ಭಾಗ ಜಾಲರಿ ಕಟ್ಟಿ ಮರಿಗಳನ್ನು ಅದರಲ್ಲಿ ಬಿಡುವುದು. ನೋಡಬಹುದು, ಮುಟ್ಟುವಂತಿಲ್ಲ. ಮೊದಲ ದಿನ ಹಳೆಯವೆಲ್ಲ ಬಂದು ಜಾಲರಿಗೆ ಅಂಟಿ ನಿಲ್ಲುತ್ತವೆ. ಕೆಲವು ಜಾಲರಿಗೇ ಕುಕ್ಕುತ್ತವೆ. ಮರಿಗಳು ದೂರದ ಮೂಲೆಯಲ್ಲಿ ಒಂದರ ಮೇಲೊಂದು. ಇಲ್ಲಿ ಆತುರ ಪಡಬಾರದು. ಒಂದು ವಾರ ಅನ್ನುವವರಿದ್ದಾರೆ, ಎರಡು ವಾರ ಅನ್ನುವವರಿದ್ದಾರೆ. ನಾನು ಕ್ಯಾಲೆಂಡರ್ ನೋಡುವುದಿಲ್ಲ, ಕೋಳಿಗಳನ್ನೇ ನೋಡುತ್ತೇನೆ. ಹಳೆಯವು ಜಾಲರಿಯ ಪಕ್ಕದಲ್ಲೇ ಬೆನ್ನು ಹಾಕಿ ಮಣ್ಣಲ್ಲಿ ಹೊರಳಾಡಲು ಶುರು ಮಾಡಿದರೆ ಕೆಲಸ ಅರ್ಧ ಆಯಿತು. ಕೋಳಿ ಮಣ್ಣಲ್ಲಿ ಹೊರಳಾಡುವಾಗ ಕಾಲು ಚಾಚಿ, ರೆಕ್ಕೆ ಹರಡಿ, ಕಣ್ಣು ಅರ್ಧ ಮುಚ್ಚಿ ಮಲಗಿರುತ್ತದೆ. ಭಯವಿರುವ ಕಡೆ, ಸಿಟ್ಟಿರುವ ಕಡೆ ಅದು ಹಾಗೆ ಮಾಡುವುದಿಲ್ಲ. ಜಾಲರಿಯ ಈಚೆ ಹೇಂಟೆ, ಆಚೆ ಮರಿ, ನಡುವೆ ಒಂದು ಗೇಣು ಜಾಗ, ಎರಡೂ ಧೂಳೆಬ್ಬಿಸುತ್ತಿವೆ ಎಂದರೆ ನನಗೆ ಅದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ.

ವಯಸ್ಸಿನ ವಿಷಯ. ಬ್ರೂಡರಿನಲ್ಲಿ, ಅಂದರೆ ತಾಯಿಯ ಬದಲು ಶಾಖ ಕೊಡುವ ಪೆಟ್ಟಿಗೆಯಲ್ಲಿ, ಬೆಳೆದ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರುತ್ತೇವೆ. ಆರು ವಾರಕ್ಕೆ ಮೈತುಂಬ ಗರಿ ಬಂದಿರುತ್ತದೆ, ಜಾಲರಿಯ ಹಿಂದೆ ಇರಿಸಲು ಅಷ್ಟು ಸಾಕು. ಆದರೆ ಪೂರ್ತಿ ಬೆರೆಸುವುದು ಮರಿ ದೊಡ್ಡವುಗಳ ಗಾತ್ರಕ್ಕೆ ಹತ್ತಿರ ಬಂದ ಮೇಲೆ, ಹನ್ನೆರಡು ವಾರ ದಾಟಿದ ಮೇಲೆ. ಒಂದೇ ಒಂದು ಮರಿಯನ್ನು ಹಳೆ ಗುಂಪಿಗೆ ಬಿಡುವುದು ಬೇಡವೇ ಬೇಡ. ಎಲ್ಲ ಕಣ್ಣೂ ಅದರ ಮೇಲೆ, ಎಲ್ಲ ಕೊಕ್ಕೂ ಅದರ ಮೇಲೆ. ಕಡೇಪಕ್ಷ ಎರಡಿದ್ದರೆ ಅಟ್ಟಿಸಿಕೊಂಡು ಬರುವುದಕ್ಕೆ ಯಾವುದರ ಹಿಂದೆ ಹೋಗಬೇಕೆಂಬ ಗೊಂದಲವಾದರೂ ಆಗುತ್ತದೆ. ಅದಕ್ಕಿಂತ ಮುಖ್ಯ, ಓಡಿ ಬಂದು ಒತ್ತಿಕೊಂಡು ಕೂರಲು ಅದಕ್ಕೊಂದು ಜೊತೆ ಇರುತ್ತದೆ.

ಮೇವಿನ ಚೀಲ

ಮೊಟ್ಟೆ ಇಡುವ ಕೋಳಿಗಳ ಮೇವಿನಲ್ಲಿ ಕ್ಯಾಲ್ಸಿಯಂ ಶೇಕಡಾ 4ರ ಹತ್ತಿರ ಇರುತ್ತದೆ, ಚಿಪ್ಪಿಗೆ ಬೇಕಲ್ಲ. ಬೆಳೆಯುವ ಮರಿಗೆ ಬೇಕಾದದ್ದು ಶೇಕಡಾ 1ರ ಆಸುಪಾಸು. ಆ ಹೆಚ್ಚಿನ ಕ್ಯಾಲ್ಸಿಯಂ ತಿಂಗಳುಗಟ್ಟಲೆ ಮರಿಯ ಹೊಟ್ಟೆಗೆ ಹೋದರೆ ಮೂತ್ರಪಿಂಡ ಹಾಳಾಗುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಯಾರ ತಟ್ಟೆಗೆ ಯಾರು ಬಾಯಿ ಹಾಕಬೇಕೆಂದು ಕೋಳಿಗಳಿಗೆ ಹೇಳಲಾಗುವುದಿಲ್ಲ. ಅದಕ್ಕೆ ಸುಲಭ ದಾರಿ, ಎಲ್ಲಕ್ಕೂ ಬೆಳೆಯುವ ಮರಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುವುದು. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ಹೋಗಿ ತಿನ್ನುತ್ತದೆ, ಮರಿ ಅದರ ಗೋಜಿಗೆ ಹೋಗುವುದು ಕಡಿಮೆ. ಮೈ ಅದಕ್ಕೆ ಹೇಳಿಕೊಡುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಆಶ್ಚರ್ಯ.

ಆದರೆ ಯಾವ ಮೇವು ಎಂಬುದಕ್ಕಿಂತ ಮೊದಲಿನ ಪ್ರಶ್ನೆ ಮೇವು ಸಿಕ್ಕಿತೇ ಎಂಬುದು. ಒಂದು ಸಲ ನಾಲ್ಕು ಎಳೆ ಹೇಂಟೆಗಳನ್ನು ಬೆರೆಸಿದ ಮೊದಲ ದಿನ ನೋಡುವುದಕ್ಕೆ ಎಲ್ಲವೂ ಶಾಂತವಾಗಿತ್ತು. ಗಲಾಟೆ ಇಲ್ಲ, ಕೂಗಾಟ ಇಲ್ಲ. ಮೇವಿನ ತಟ್ಟೆ ಎರಡು ಕಡೆ ಇತ್ತು. ಸಂಜೆ ಎಲ್ಲ ಗೂಡು ಸೇರಿದವು. ಕತ್ತಲಾದ ಮೇಲೆ ನಾನು ಹೋಗಿ ಒಂದೊಂದರ ಎದೆಯ ಮೇಲೆ, ಕುತ್ತಿಗೆಯ ಬುಡದಲ್ಲಿ, ಬಲಗಡೆ ಇರುವ ಮೇವಿನ ಚೀಲವನ್ನು ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಹೊಟ್ಟೆ ತುಂಬ ತಿಂದ ಕೋಳಿಗೆ ಅದು ಗುಂಡಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಒಳಗೆ ಕಾಳು ಜರಗುವುದೂ ಗೊತ್ತಾಗುತ್ತದೆ. ಹಳೆಯವಕ್ಕೆ ಹಾಗೇ ಇತ್ತು. ಎಳೆಯ ಮೂರಕ್ಕೂ ಪರವಾಗಿಲ್ಲ ಅನ್ನುವಷ್ಟಿತ್ತು. ನಾಲ್ಕನೆಯದರ ಎದೆ ಮುಟ್ಟಿದರೆ ಬರೀ ಚರ್ಮ. ಕೆಳಗೆ ಮೂಳೆ. ಅದು ನನ್ನ ಕೈಗೆ ಎದೆ ಒತ್ತಿ ಸುಮ್ಮನೆ ಕೂತಿತ್ತು. ಇಡೀ ದಿನ ಯಾವುದೂ ಅದನ್ನು ಕುಕ್ಕಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕುಕ್ಕಬೇಕಾಗಿಯೂ ಇರಲಿಲ್ಲ. ತಟ್ಟೆಯ ಹತ್ತಿರ ದೊಡ್ಡದೊಂದು ನಿಂತಿದ್ದರೆ ಸಾಕು, ಇದು ಅತ್ತ ಹೆಜ್ಜೆ ಇಡುತ್ತಿರಲಿಲ್ಲ.

ಮರುದಿನ ಮೂರನೆಯ ತಟ್ಟೆ ಬಂತು, ಅದೂ ಉಳಿದೆರಡರಿಂದ ಕಾಣದಂತೆ ಮೂಲೆಯ ಆಚೆ, ಹಲಗೆಯ ಹಿಂದೆ. ನೀರಿನದ್ದೂ ಹಾಗೇ ಇನ್ನೊಂದು. ಆವತ್ತು ರಾತ್ರಿ ಆ ನಾಲ್ಕನೆಯದರ ಚೀಲ ಗುಂಡಗಿತ್ತು. ಹೊಸವನ್ನು ಸೇರಿಸಿದ ಮೇಲೆ ರಾತ್ರಿ ಹೋಗಿ ಎದೆ ಮುಟ್ಟಿ ನೋಡುವುದನ್ನು ಎಲ್ಲರಿಗೂ ಹೇಳುತ್ತೇನೆ. ಹಗಲು ನಾವು ಜಗಳ ನೋಡುತ್ತೇವೆ, ಜಗಳ ಇಲ್ಲದಿದ್ದರೆ ಸರಿಯಾಯಿತು ಅಂದುಕೊಳ್ಳುತ್ತೇವೆ. ಹಸಿದ ಕೋಳಿ ಜಗಳ ಮಾಡುವುದಿಲ್ಲ. ದೂರದಲ್ಲಿ ನಿಂತು ನೆಲ ಕೆದಕುತ್ತಾ ತಿನ್ನುವ ಹಾಗೆ ಕಾಣುತ್ತದೆ, ಅಷ್ಟೇ.

ರಾತ್ರಿ ಬಿಟ್ಟರೆ ಬೆಳಗ್ಗೆ ಒಂದಾಗುತ್ತವೆಯೇ

ಕತ್ತಲಲ್ಲಿ ಮರಿಗಳನ್ನು ಹಳೆಯವುಗಳ ನಡುವೆ ಕೋಲಿನ ಮೇಲೆ ಕೂರಿಸಿಬಿಡಿ, ಬೆಳಗ್ಗೆ ಎದ್ದಾಗ ಮೊದಲಿಂದ ಇದ್ದವೇ ಅಂದುಕೊಂಡು ಸುಮ್ಮನಿರುತ್ತವೆ ಎಂಬ ಮಾತು ತುಂಬ ಹಳೆಯದು. ಅರ್ಧ ನಿಜ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಆಗ ಯಾವ ಗಲಾಟೆಯೂ ಇಲ್ಲದೆ ಜಾಗ ಬದಲಿಸಬಹುದು. ಒಟ್ಟಿಗೆ ಮಲಗಿ ಏಳುವುದರಿಂದ ಗುಂಪಿನ ಅಭ್ಯಾಸವೂ ಬರುತ್ತದೆ. ಆದರೆ ಅಷ್ಟು ಮುಖ ನೆನಪಿಟ್ಟುಕೊಳ್ಳುವ ಪ್ರಾಣಿ ಬೆಳಕು ಹರಿದಾಗ ಪಕ್ಕದಲ್ಲಿ ಕೂತ ಹೊಸ ಮುಖವನ್ನು ಗುರುತಿಸದೆ ಇರುತ್ತದೆ ಎಂದು ನಂಬಲು ನನಗಾಗದು. ಜಾಲರಿಯ ಕೆಲಸ ಆಗಿರದಿದ್ದರೆ ನಸುಕಿನಲ್ಲಿ ಮುಚ್ಚಿದ ಗೂಡಿನೊಳಗೇ ಜಗಳ ಶುರುವಾಗುತ್ತದೆ, ಓಡುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹಾಗಾಗಿ ರಾತ್ರಿ ಕೂರಿಸಿದವರು ಬೆಳಕಾಗುವ ಮೊದಲೇ ಎದ್ದು ಬಾಗಿಲು ತೆಗೆಯಬೇಕು. ಕೋಲಿನ ಮೇಲೆ ಒಂದೊಂದಕ್ಕೂ 20ರಿಂದ 25 ಸೆಂಟಿಮೀಟರ್ ಜಾಗ ಬೇಕು. ಮೇಲಿನ ಕೋಲು ದೊಡ್ಡವು ಬಿಟ್ಟುಕೊಡುವುದಿಲ್ಲ, ಎಳೆಯವಕ್ಕೆ ಕೆಳಗೆ ಇನ್ನೊಂದು ಕೋಲು ಹಾಕಿ. ಕೆಲವು ದಿನ ಅವು ನೆಲದ ಮೇಲೋ ಮೊಟ್ಟೆ ಪೆಟ್ಟಿಗೆಯಲ್ಲೋ ಮಲಗಿದರೆ ಪರವಾಗಿಲ್ಲ, ಎತ್ತಿ ಕೋಲಿನ ಮೇಲೆ ಇಡುತ್ತಾ ಬಂದರೆ ಕಲಿಯುತ್ತವೆ.

ಒಂದೇ ಹೇಂಟೆ ದಿನವಿಡೀ ಬಿಡದೆ ಕಾಡುತ್ತಿದ್ದರೆ ಮರಿಯನ್ನು ಹೊರಗೆ ತೆಗೆಯುವ ಬದಲು ಆ ಹೇಂಟೆಯನ್ನೇ ಕೆಲವು ದಿನ ಬೇರೆ ಇಡಿ. ಅದು ವಾಪಸ್ ಬಂದಾಗ ಸ್ವಲ್ಪ ಮಟ್ಟಿಗೆ ಹೊಸಬಳು ಅದೇ, ತನ್ನ ಲೆಕ್ಕ ಸರಿಮಾಡಿಕೊಳ್ಳುವುದರಲ್ಲೇ ಅದರ ಹೊತ್ತು ಹೋಗುತ್ತದೆ.

ತಾಯಿ ಕರೆತಂದ ಮರಿಗಳು

ಇಷ್ಟೆಲ್ಲ ಯಾವುದೂ ಇಲ್ಲದೆ ನಡೆಯುವ ಒಂದು ರೀತಿಯಿದೆ. ಕಾವಿಗೆ ಕೂತ ಹೇಂಟೆ 21 ದಿನಕ್ಕೆ ಮರಿ ಮಾಡಿ, ಕೆಲವು ದಿನಗಳಲ್ಲೇ ಅವನ್ನು ಕರೆದುಕೊಂಡು ಗುಂಪಿನ ನಡುವೆ ನಡೆದು ಬರುತ್ತದೆ. ಮೈ ಎರಡರಷ್ಟು ಉಬ್ಬಿಸಿಕೊಂಡು, ಬಾಲ ಬೀಸಣಿಗೆ ಮಾಡಿಕೊಂಡು. ಸಾಲಿನಲ್ಲಿ ಅದು ಎಲ್ಲಿತ್ತು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕರಿ ಹೇಂಟೆ, ಅದೇ ಕೊನೆಯ ತುದಿಯದು, ಒಂದು ಬೇಸಿಗೆಯಲ್ಲಿ ಮರಿ ಮಾಡಿತು. ಅದರ ಮರಿಯೊಂದು ಯಜಮಾನಿಯ ಕಾಲ ಬುಡಕ್ಕೆ ಹೋಯಿತು. ಯಜಮಾನಿ ಕತ್ತು ಬಗ್ಗಿಸಿತೋ ಇಲ್ಲವೋ, ಕರಿ ಹೇಂಟೆ ಎದೆಗೆ ಎದೆ ಕೊಟ್ಟು ಹಾರಿತು. ಎರಡು ಸಲ. ಯಜಮಾನಿ ಹಿಂದೆ ಸರಿಯಿತು. ಆಮೇಲೆ ಆ ಮರಿಗಳ ತಂಟೆಗೆ ಯಾವುದೂ ಹೋಗಲಿಲ್ಲ.

ತಾಯಿ ಮರಿಗಳನ್ನು ಕಾಯುವುದಷ್ಟೇ ಮಾಡುವುದಿಲ್ಲ. ಯಾರು ಬಂದರೆ ಸರಿಯಬೇಕು, ಎಷ್ಟು ಹತ್ತಿರ ಹೋಗಬಹುದು, ಎಲ್ಲಿ ನುಸುಳಬೇಕು ಎಂಬುದನ್ನೆಲ್ಲ ಮರಿ ಅದರ ಜೊತೆ ಓಡಾಡುತ್ತಾ ಕಲಿಯುತ್ತದೆ. ಆರೇಳು ವಾರಕ್ಕೆ ತಾಯಿ ಮರಿಗಳನ್ನು ಬಿಡುತ್ತದೆ, ತಾನೇ ಕುಕ್ಕಿ ದೂರ ಮಾಡುತ್ತದೆ. ಅಷ್ಟರಲ್ಲಿ ಅವಕ್ಕೆ ಹಿತ್ತಲಿನ ಒಂದೊಂದು ಮರೆಯೂ ಗೊತ್ತು. ಬ್ರೂಡರಿನ ಮರಿಗೆ ಈ ಪಾಠ ಹೇಳಿಕೊಡಲು ಯಾರೂ ಇಲ್ಲ. ಅದರ ಪೆಟ್ಟಿಗೆಯಲ್ಲಿ ದೊಡ್ಡವರೇ ಇರಲಿಲ್ಲ. ದೊಡ್ಡ ಹೇಂಟೆ ಹತ್ತಿರ ಬಂದಾಗ ಕೆಲವು ಮರಿಗಳು ಓಡದೆ ಪೆದ್ದಾಗಿ ನಿಂತು ನೋಡುವುದನ್ನು ಕಂಡರೆ ನನಗೆ ಕರುಳು ಚುರುಕ್ ಅನ್ನುತ್ತದೆ. ಆ ಪಾಠ ಅವು ಜಾಲರಿಯ ಹಿಂದೆ ನಿಂತು, ಪೆಟ್ಟು ಬೀಳದೆ, ನೋಡಿ ನೋಡಿ ಕಲಿಯಬೇಕು. ಜಾಲರಿಯ ದಿನಗಳನ್ನು ಕಡಿಮೆ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜುಟ್ಟು ಕೆಂಪಾದಾಗ

ಎಲ್ಲ ಹೊಂದಿಕೊಂಡವು ಎಂದು ಜಾಲರಿ ಬಿಚ್ಚಿ, ಹಲಗೆ ತೆಗೆದು, ಮೂರು ತಟ್ಟೆಯನ್ನು ಒಂದು ಮಾಡುವ ಹೊತ್ತಿಗೆ ಇನ್ನೊಂದು ಸುತ್ತು ಬರುತ್ತದೆ. ಇದನ್ನು ಹೇಳುವವರು ಕಡಿಮೆ. ಎಳೆ ಹೇಂಟೆಯ ಜುಟ್ಟು ಚಿಕ್ಕದಾಗಿ ಪೇಲವವಾಗಿ ಇರುವವರೆಗೆ ಹಳೆಯವಕ್ಕೆ ಅದು ಮಗು. ಹದಿನಾರು ಹದಿನೆಂಟು ವಾರ ದಾಟುತ್ತಿದ್ದಂತೆ ಮೊಟ್ಟೆಗೆ ಬರುವ ಮೊದಲು ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ. ಆಗ ಅದು ಎದುರಾಳಿ. ಹಿಂದೆ ಮುಗಿದಿದ್ದ ಲೆಕ್ಕಗಳು ಮತ್ತೆ ತೆರೆಯುತ್ತವೆ. ಈ ಸಲ ಎಳೆಯದು ಯಾವಾಗಲೂ ಓಡುವುದಿಲ್ಲ, ಕೆಲವೊಮ್ಮೆ ಕುತ್ತಿಗೆಯ ಗರಿ ಎಬ್ಬಿಸಿ ನಿಲ್ಲುತ್ತದೆ. ಅದು ನಿಂತ ದಿನ ನನಗೆ ಖುಷಿಯೇ ಆಗುತ್ತದೆ, ಆದರೂ ಹತ್ತಿರದಲ್ಲೇ ಇರುತ್ತೇನೆ. ಮರಿಗಳಲ್ಲಿ ಗಂಡು ಇದ್ದರೆ ಇದೇ ವಯಸ್ಸಿಗೆ ಹಳೆ ಹುಂಜದ ಜೊತೆ ತಂಟೆ ಶುರುವಾಗುತ್ತದೆ, ಅದು ಹೇಂಟೆಗಳ ಜಗಳದಂತೆ ಸಣ್ಣದಲ್ಲ. ಎರಡನ್ನೂ ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ಎಳೆಯದು ಕೂಗಲು ಕಲಿತಾಗಲೇ ತೀರ್ಮಾನಿಸಿಬಿಡಬೇಕು.

ಇದೇ ಹೊತ್ತಿಗೆ ಮೊಟ್ಟೆ ಪೆಟ್ಟಿಗೆಗೂ ಪೈಪೋಟಿ ಬರುತ್ತದೆ. ಪೆಟ್ಟಿಗೆ ಎಷ್ಟಿದ್ದರೂ ಎಲ್ಲಕ್ಕೂ ಬೇಕಾದದ್ದು ಅದೊಂದೇ ಪೆಟ್ಟಿಗೆ. ಮೊದಲ ಮೊಟ್ಟೆ ಇಡುವ ಎಳೆಯದು ಅದರಿಂದ ಹೊರಗೆ ತಳ್ಳಿಸಿಕೊಂಡು, ಯಾವುದೋ ಮೂಲೆಯಲ್ಲಿ, ಬಹಳ ಸಲ ಆ ಹಲಗೆಗಳ ಹಿಂದೆಯೇ ಇಡುತ್ತದೆ. ಆದ್ದರಿಂದ ಎಲ್ಲ ಎಳೆಯವೂ ಮೊಟ್ಟೆಗೆ ಬಂದು, ಮೊಟ್ಟೆ ಕೋಳಿಯ ಮೇವಿಗೆ ಬದಲಾಯಿಸಿದ ಮೇಲೂ ಇನ್ನೊಂದಷ್ಟು ದಿನ ಹಲಗೆ, ಕೊಂಬೆ, ಹೆಚ್ಚಿನ ತಟ್ಟೆಗಳನ್ನು ಹಾಗೇ ಬಿಡಿ. ಗುಡಿಸುವಾಗ ಅಡ್ಡ ಬರುತ್ತವೆ, ಹಿತ್ತಲು ಅಸ್ತವ್ಯಸ್ತ ಕಾಣುತ್ತದೆ, ನಿಜ. ತೆಗೆಯಲೇಬೇಕಾದರೆ ವಾರಕ್ಕೊಂದರಂತೆ ತೆಗೆಯಿರಿ, ತೆಗೆದ ಪ್ರತಿ ರಾತ್ರಿ ಎಳೆಯವುಗಳ ಮೇವಿನ ಚೀಲ ಮುಟ್ಟಿ ನೋಡಿ. ಯಾವುದಾದರೊಂದರದ್ದು ಖಾಲಿ ಇದ್ದರೆ ಆ ಹಲಗೆಯನ್ನು ವಾಪಸ್ ಇಡಿ.